ಬ್ರೂ ಅಪ್‌ಗ್ರೇಡ್ ಆದ ಮೇಲೆ ಪೈಥಾನ್ 3.11 ಕಾಣೆ: ಒಂದೇ ಯಂತ್ರದಲ್ಲಿ ಹಲವು ಆವೃತ್ತಿಗಳನ್ನು ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ?

ಕಾಫಿ ಕಣ (ನಾಪೋಕ್ಲು) · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಬೆಂಗಳೂರಿನ ಕಂಪನಿಯದು, ಕೂರುವುದು ನಾಪೋಕ್ಲು ಕಡೆಯ ನಮ್ಮ ಮನೆಯ ಜಗಲಿಯಲ್ಲಿ. ಎಂ1 ಚಿಪ್ಪಿನ ಮ್ಯಾಕ್‌ಬುಕ್ ಇದೆ, ಬೇಕಾದ ತಂತ್ರಾಂಶಗಳನ್ನೆಲ್ಲ ಹೋಮ್‌ಬ್ರೂ ಎಂಬ ಪ್ಯಾಕೇಜ್ ನಿರ್ವಾಹಕದ ಮೂಲಕವೇ ಹಾಕಿಕೊಳ್ಳುತ್ತೇನೆ, ಅದರ ಆಜ್ಞೆಯ ಹೆಸರು ಬ್ರೂ.

ಭಾನುವಾರ ಮಳೆ ಸ್ವಲ್ಪ ಬಿಟ್ಟು ನೆಟ್ ಚೆನ್ನಾಗಿ ಬರುತ್ತಿತ್ತೆಂದು, ತಿಂಗಳುಗಳಿಂದ ಮುಂದೂಡಿದ್ದ "ಬ್ರೂ ಅಪ್‌ಗ್ರೇಡ್" ಕೊಟ್ಟು ಊಟಕ್ಕೆ ಹೋದೆ. ಬಂದು ನೋಡುವಾಗ ನಲವತ್ತಕ್ಕೂ ಹೆಚ್ಚು ಪ್ಯಾಕೇಜುಗಳು ಹೊಸದಾಗಿದ್ದವು, ಕೊನೆಯಲ್ಲಿ ಏನನ್ನೋ ತೆಗೆದುಹಾಕಿದ ಕೆಲವು ಸಾಲುಗಳೂ ಇದ್ದವು. ನಾನು ಓದಲಿಲ್ಲ, ಪರದೆ ಮುಚ್ಚಿ ಮಲಗಿದೆ.

ಇವತ್ತು ಬೆಳಿಗ್ಗೆ ಅಪ್ಪ ಮಳೆಯ ಲೆಕ್ಕ ಕೇಳಿದರು. ಅವರು 1987ರಿಂದ ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು) ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತಿಂಗಳ ಮೊತ್ತವನ್ನೂ ಹಿಂದಿನ ವರ್ಷಗಳ ಹೋಲಿಕೆಯನ್ನೂ ತೋರಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದನ್ನು ಓಡಿಸಿದರೆ "ಬ್ಯಾಡ್ ಇಂಟರ್‌ಪ್ರಿಟರ್" ಎಂಬ ದೂರು. ಆಫೀಸಿನ ಪ್ರಾಜೆಕ್ಟನ್ನೂ ತೆರೆದೆ, ಅಲ್ಲಿಯೂ ಅದೇ ಕಥೆ. ಎರಡೂ 3.11ರಲ್ಲಿ ಕಟ್ಟಿದವು, ಈಗ ಪೈಥಾನ್3 ಎಂದು ಕೇಳಿದರೆ 3.13 ಎನ್ನುತ್ತದೆ. 3.13ರಲ್ಲಿಯೇ, ಪ್ರಾಜೆಕ್ಟಿನ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿ ಇಡುವ ಫೋಲ್ಡರಾದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡೋಣವೆಂದರೆ ಲೆಕ್ಕಾಚಾರದ ಲೈಬ್ರರಿ ನಂಪೈ 1.24 ಕುಳಿತುಕೊಳ್ಳುತ್ತಿಲ್ಲ, ಎರಡು ಪುಟದಷ್ಟು ಕೆಂಪು ಅಕ್ಷರ ಬರುತ್ತದೆ.

ಆ 3.11 ಎಲ್ಲಿಗೆ ಹೋಯಿತು? ಎರಡು ಮೂರು ಆವೃತ್ತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವವರು ಯಾವ ಪದ್ಧತಿ ಅನುಸರಿಸುತ್ತೀರಿ?

ಹಾರಂಗಿ ದಂಡೆ (ಕುಶಾಲನಗರ)

ಊಹೆಯ ಮೇಲೆ ಔಷಧಿ ಕೊಡುವುದಕ್ಕಿಂತ ನಾಡಿ ನೋಡುವುದು ಒಳ್ಳೆಯದು. ಮೂರು ವಿಷಯ ತಿಳಿಸಿ. "ಬ್ರೂ ಲಿಸ್ಟ್" ಕೊಟ್ಟಾಗ ಯಾವ ಯಾವ ಪೈಥಾನ್ ಹೆಸರುಗಳು ಬರುತ್ತವೆ, "ಬ್ರೂ ಲೀವ್ಸ್" (ಬೇರಾವುದರ ಅವಲಂಬನೆಯೂ ಅಲ್ಲದವನ್ನು ಮಾತ್ರ ತೋರಿಸುವ ಆಜ್ಞೆ) ಕೊಟ್ಟಾಗ ಅವುಗಳಲ್ಲಿ ಯಾವುದು ಉಳಿಯುತ್ತದೆ, ಮತ್ತು ಮಳೆ ಪ್ರೋಗ್ರಾಮಿನ ಎನ್ವಿರಾನ್‌ಮೆಂಟ್ ಫೋಲ್ಡರಿನಲ್ಲಿರುವ "ಪೈವೆನ್ವ್" ಎಂಬ ಸಿಎಫ್‌ಜಿ ಕಡತದಲ್ಲಿ "ಹೋಮ್" ಸಾಲಿನ ಮುಂದೆ ಏನು ಬರೆದಿದೆ.

ಕೊಡೆ ಮರೆತವ (ಮಡಿಕೇರಿ)

ಮ್ಯಾಕ್ ಜೊತೆಗೇ ಪೈಥಾನ್ ಬರುತ್ತದಲ್ಲ, ಅದನ್ನೇ ಬಳಸಿದರೆ ಈ ರಗಳೆಯೇ ಇರುವುದಿಲ್ಲ.

ಹಳೇ ಟರ್ಮಿನಲ್ (ಸೋಮವಾರಪೇಟೆ)

ಕೊಡೆ ಮರೆತವರೇ, ಆ ಕಾಲ ಹೋಯಿತು. ಮ್ಯಾಕ್‌ಓಎಸ್ ಜೊತೆ ಬರುತ್ತಿದ್ದುದು ಪೈಥಾನ್ 2.7, ಅದನ್ನು 2022ರಲ್ಲಿ 12.3ನೇ ಆವೃತ್ತಿಯಿಂದ ಆಪಲ್ ತೆಗೆದುಹಾಕಿತು. ಪೈಥಾನ್ 2ರ ಆಯಸ್ಸೇ 2020ರ ಜನವರಿ 1ಕ್ಕೆ ಮುಗಿದಿತ್ತು. ಈಗ ಅಲ್ಲಿ ಪೈಥಾನ್3 ಎಂದು ಸಿಗುವುದು ಡೆವಲಪರ್ ಉಪಕರಣಗಳ ಜೊತೆ ಬರುವುದು. ಅದು ಆಪಲ್‌ನವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡದ್ದು.

ಯಂತ್ರದ ಸ್ವಂತ ಪೈಥಾನನ್ನು ಮುಟ್ಟಬಾರದು ಎಂಬುದನ್ನು ನಾನು ಕಲಿತದ್ದು ಉಬುಂಟು ಲಿನಕ್ಸ್ 22.04ರಲ್ಲಿ. ಅದರದ್ದು 3.10. ನನಗೆ 3.11 ಬೇಕಿತ್ತು, ಹಾಕಿಕೊಂಡೆ, ಅಲ್ಲಿಗೆ ನಿಲ್ಲಿಸಬಹುದಿತ್ತು. ಪ್ರತಿ ಸಲ 3.11 ಎಂದು ಬೆರಳಚ್ಚಿಸುವುದಕ್ಕೆ ಸೋಮಾರಿತನವಾಗಿ, ಅಪ್‌ಡೇಟ್ ಆಲ್ಟರ್ನೇಟಿವ್ಸ್ ಆಜ್ಞೆಯಿಂದ ಇಡೀ ವ್ಯವಸ್ಥೆಯ ಪೈಥಾನ್3 ಎಂಬ ಹೆಸರನ್ನೇ 3.11ಕ್ಕೆ ತಿರುಗಿಸಿದೆ. ಮರುದಿನ ಟರ್ಮಿನಲ್ ಐಕಾನ್ ಒತ್ತಿದರೆ ಟರ್ಮಿನಲ್ ತೆರೆಯುತ್ತಿಲ್ಲ. ದೋಷದ ಸಂದೇಶವೂ ಇಲ್ಲ, ಕರ್ಸರ್ ಒಂದು ಕ್ಷಣ ತಿರುಗಿ ಸುಮ್ಮನಾಗುತ್ತದೆ. ಗ್ನೋಮ್ ಟರ್ಮಿನಲನ್ನು ತೆರೆಯುವ ಕಡತವೇ ಪೈಥಾನಿನಲ್ಲಿ ಬರೆದದ್ದು, ಅದಕ್ಕೆ ಬೇಕಾದ ಘಟಕಗಳು 3.10ಕ್ಕೆ ಮಾತ್ರ ಕಟ್ಟಿದ್ದವು ಎಂದು ತಿಳಿದದ್ದು ಆಮೇಲೆ. ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಆಪ್ಟ್ (apt) ಕೂಡ "ಆಪ್ಟ್ ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ" ಎಂದು ಗೊಣಗತೊಡಗಿತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಇಳಿದು, ಹೆಸರನ್ನು ಮತ್ತೆ 3.10ಕ್ಕೆ ತಿರುಗಿಸಿದ ಮೇಲೆ ಎಲ್ಲವೂ ಸರಿಹೋಯಿತು. ಯಜಮಾನನ ಅಡುಗೆಮನೆಯಲ್ಲಿ ಬಾಡಿಗೆದಾರ ಒಲೆ ಬದಲಿಸಿದರೆ ಏನಾಗಬೇಕೋ ಅದೇ ಆಯಿತು.

ಬೆಟ್ಟದ ಮೋಡ (ಭಾಗಮಂಡಲ)

ನನ್ನ ಉತ್ತರ ಒಂದೇ: ಪೈಎನ್ವ್. ಹೋಮ್‌ಬ್ರೂ ಇರುವುದು ಉಪಕರಣಗಳನ್ನು ಸದಾ ಹೊಸದಾಗಿ ಇಡುವುದಕ್ಕೆ. ನಮಗೆ ಬೇಕಾದುದು ಹಳೆಯದು ಹಳೆಯದಾಗಿಯೇ ಉಳಿಯುವುದು. ಈ ಎರಡು ಉದ್ದೇಶಗಳನ್ನು ಒಂದೇ ನೊಗಕ್ಕೆ ಕಟ್ಟಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆಯುತ್ತದೆ.

ಪೈಎನ್ವ್ ಪ್ರತಿ ಆವೃತ್ತಿಯನ್ನೂ ನಿಮ್ಮ ಹೋಮ್ ಫೋಲ್ಡರಿನ ಒಳಗೆ ಬೇರೆ ಬೇರೆಯಾಗಿ ಕಟ್ಟಿಡುತ್ತದೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಆವೃತ್ತಿಯ ಸಂಖ್ಯೆ ಬರೆದ ಒಂದು ಸಣ್ಣ ಕಡತ ಇಟ್ಟರೆ ಸಾಕು. ಪೈಥಾನ್ ಎಂದು ಕರೆದಾಗ ಮೊದಲು ಸಿಗುವುದು ಪೈಎನ್ವ್‌ನ ಶಿಮ್ ಎಂಬ ಪುಟ್ಟ ಬಾಗಿಲುಕಾಯುವವ, ಅವನು ಆ ಕಡತ ಓದಿ ಸರಿಯಾದ ಆವೃತ್ತಿಗೆ ದಾರಿ ಬಿಡುತ್ತಾನೆ. ನಾನು 3.8ರಿಂದ 3.12ರವರೆಗೆ ಐದನ್ನೂ ಇಟ್ಟುಕೊಂಡಿದ್ದೇನೆ, ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಕಿತ್ತಳೆ ಸಿಪ್ಪೆ (ವಿರಾಜಪೇಟೆ)

ಮೋಡದವರೇ, ಒಂದರ ಗೊಡವೆ ಇನ್ನೊಂದಕ್ಕಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಪೈಎನ್ವ್ ಮೂಲಸಂಕೇತ ತಂದು ನಿಮ್ಮ ಯಂತ್ರದಲ್ಲಿಯೇ ಕಂಪೈಲ್ ಮಾಡುತ್ತದೆ, ಆಗ ಸುರಕ್ಷಿತ ಸಂಪರ್ಕದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಮುಂತಾದವನ್ನು ಮ್ಯಾಕ್‌ನಲ್ಲಿ ಹೋಮ್‌ಬ್ರೂವಿನಿಂದಲೇ ಎರವಲು ಪಡೆಯುತ್ತದೆ. ಓಪನ್‌ಎಸ್‌ಎಸ್‌ಎಲ್ 1.1ಕ್ಕೆ 2023ರ ಸೆಪ್ಟೆಂಬರಿನಲ್ಲಿ ಬೆಂಬಲ ನಿಂತಿತು. ಆಮೇಲೆ ನನ್ನ ಯಂತ್ರದಿಂದ ಅದು ಹೋದ ದಿನವೇ ಪೈಎನ್ವ್‌ನಲ್ಲಿದ್ದ ಎರಡು ಹಳೆಯ ಪೈಥಾನ್‌ಗಳು ಸುರಕ್ಷಿತ ಸಂಪರ್ಕವನ್ನೇ ಮರೆತವು, ಪಿಪ್ ಒಂದು ಪ್ಯಾಕೇಜನ್ನೂ ಇಳಿಸಲಿಲ್ಲ. ಬೇಲಿ ಬೇರೆಯಾದರೂ ನೀರಿನ ತೋಡು ಒಂದೇ ಆಗಿತ್ತು.

ಇನ್ನೊಂದು ನಮ್ಮೂರಿನ ತೊಂದರೆ. ಕಕ್ಕಡದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಆವೃತ್ತಿ ಕಂಪೈಲ್ ಆಗುವಷ್ಟರಲ್ಲಿ ಬ್ಯಾಟರಿ ಮುಗಿದು, ಮತ್ತೆ ಮೊದಲಿನಿಂದ ಶುರುಮಾಡಿದ್ದು ಒಂದೆರಡು ಸಲವಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಲಿನಕ್ಸಿನಲ್ಲಿ ಅಗತ್ಯ ಲೈಬ್ರರಿ ಇಲ್ಲದಿದ್ದರೂ ಕೆಲವೊಮ್ಮೆ ಕಟ್ಟುವಿಕೆ ನಿಲ್ಲುವುದಿಲ್ಲ; ಎಲ್‌ಝಡ್‌ಎಂಎ ಘಟಕ ಕಂಪೈಲ್ ಆಗಲಿಲ್ಲ ಎಂದು ಒಂದು ಸಾಲು ಎಚ್ಚರಿಸಿ ಮುಂದೆ ಹೋಗುತ್ತದೆ. ಆ ಸಾಲನ್ನು ಯಾರು ಓದುತ್ತಾರೆ?

ಕಾಫಿ ಕಣ

ಹಾರಂಗಿಯವರು ಕೇಳಿದ್ದನ್ನು ನೋಡಿದೆ. ಬ್ರೂ ಲಿಸ್ಟಿನಲ್ಲಿ ಈಗ ಇರುವುದು 3.13 ಒಂದೇ. ಬ್ರೂ ಲೀವ್ಸ್‌ನಲ್ಲಿ ಪೈಥಾನಿನ ಹೆಸರೇ ಇಲ್ಲ, ಇದು ನನಗೆ ಆಶ್ಚರ್ಯ ತಂದಿತು. ಸಿಎಫ್‌ಜಿ ಕಡತದಲ್ಲಿ ಹೋಮ್ ಎಂಬಲ್ಲಿ ಹೋಮ್‌ಬ್ರೂ ಫೋಲ್ಡರಿನ ಒಳಗಿನ ಆಪ್ಟ್ (opt) ಎಂಬ ಉಪಫೋಲ್ಡರ್, ಅದರೊಳಗಿನ "ಪೈಥಾನ್@3.11", ಅದರ ಬಿನ್ ಎಂದು ದಾರಿ ಬರೆದಿದೆ. ಆ ದಾರಿ ಹಿಡಿದು ಹೋದರೆ ಫೋಲ್ಡರೇ ಇಲ್ಲ.

ನಾನು ಇಷ್ಟು ದಿನ ತಿಳಿದುಕೊಂಡಿದ್ದುದು ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಪೈಥಾನಿನ ಒಂದು ಪ್ರತಿಯನ್ನು ಫೋಲ್ಡರಿಗೆ ಹಾಕಿಕೊಳ್ಳುವುದು ಎಂದು. ಬಿನ್ ಒಳಗಿನ ಪೈಥಾನ್ ಕಡತ ನೋಡಿದರೆ ಅದು ಬರಿಯ ಬಾಣದ ಗುರುತು, ಇಲ್ಲದ ಮನೆಗೆ ಕೈತೋರಿಸುತ್ತಿದೆ.

ಹಾರಂಗಿ ದಂಡೆ

ಈಗ ರೋಗ ಗೊತ್ತಾಯಿತು. ನೀವು ಎಂದೂ 3.11ನ್ನು ಹೆಸರು ಹಿಡಿದು ಕೇಳಿ ಹಾಕಿಸಿಕೊಂಡವರಲ್ಲ. ಬೇರೆ ಯಾವುದೋ ಉಪಕರಣ ಹಾಕಿದಾಗ ಅದರ ಅವಲಂಬನೆಯಾಗಿ 3.11 ಹಿಂಬಾಲಿಸಿ ಬಂತು. ಪೈಥಾನ್3 ಎಂದಾಗ ಅದು ಸಿಕ್ಕಿತು, ನೀವು ಅದರ ಮೇಲೆ ಎರಡು ಮನೆ ಕಟ್ಟಿದಿರಿ. ಹೋಮ್‌ಬ್ರೂ ತನ್ನ ಪುಸ್ತಕದಲ್ಲಿ ಎರಡು ಬಗೆಯ ದಾಖಲೆ ಇಡುತ್ತದೆ: ಬಳಕೆದಾರ ಕೇಳಿ ಹಾಕಿಸಿದ್ದು ಮತ್ತು ಇನ್ನೊಂದಕ್ಕಾಗಿ ಬಂದದ್ದು. ಆ ಉಪಕರಣ 3.13ಕ್ಕೆ ಬದಲಾದ ಮೇಲೆ 3.11 ಯಾರಿಗೂ ಬೇಡವಾದ ನೆಂಟನಾಯಿತು. ಅಪ್‌ಗ್ರೇಡ್ ಆದ ಮೇಲೆ ಆಗಾಗ ತಾನಾಗಿ ನಡೆಯುವ ಕ್ಲೀನ್‌ಅಪ್ ಅಂಥವನ್ನು ಗುಡಿಸಿಹಾಕುತ್ತದೆ. ನೀವು ಓದದೆ ಮುಚ್ಚಿದ ಆ ಕೊನೆಯ ಸಾಲುಗಳಲ್ಲಿ ಇದೇ ಇದ್ದಿರಬೇಕು. ಬ್ರೂ ಲೀವ್ಸ್‌ನಲ್ಲಿ 3.13 ಕೂಡ ಕಾಣದಿರುವುದಕ್ಕೆ ಕಾರಣವೂ ಇದೇ. ಇವತ್ತು ಅದರ ಮೇಲೆ ಮನೆ ಕಟ್ಟಿದರೆ ಮುಂದೊಂದು ದಿನ ಅದೂ ಹೀಗೆಯೇ ಹೋಗಬಹುದು.

ನಂಪೈ ಜಗಳವೂ ಸಹಜ. 1.24ಕ್ಕೆ ಸಿದ್ಧಪಡಿಸಿದ, ಕಂಪೈಲ್ ಮಾಡದೆ ಹಾಕಬಹುದಾದ ವ್ಹೀಲ್‌ಗಳು 3.11ರವರೆಗೆ ಮಾತ್ರ ಇವೆ. 3.12ಕ್ಕೆ ಬೆಂಬಲ ಬಂದದ್ದು 1.26ರಲ್ಲಿ. ವ್ಹೀಲ್ ಸಿಗದಾಗ ಪಿಪ್ ಮೂಲದಿಂದ ಕಟ್ಟಲು ಹೊರಡುತ್ತದೆ, ಹಳೆಯ ಕಟ್ಟುವ ವಿಧಾನ ನೆಚ್ಚಿಕೊಂಡಿದ್ದ ಡಿಸ್ಟ್‌ಯುಟಿಲ್ಸ್ 3.12ರಿಂದ ಪೈಥಾನಿನಲ್ಲಿಯೇ ಇಲ್ಲ. ಎರಡು ಪುಟದ ಕೆಂಪು ಅಕ್ಷರಕ್ಕೆ ಇಷ್ಟೇ ಅರ್ಥ.

ಎನ್ವಿರಾನ್‌ಮೆಂಟ್‌ಗಳನ್ನು ಅಳಿಸಬೇಡಿ. ಮೊದಲು "ಬ್ರೂ ಇನ್‌ಸ್ಟಾಲ್ ಪೈಥಾನ್@3.11" ಎಂದು ಪೂರ್ತಿ ಹೆಸರು ಹೇಳಿ ಹಾಕಿಸಿ, ಆಮೇಲೆ ಮಳೆ ಪ್ರೋಗ್ರಾಂ ಓಡಿಸಿ ನೋಡಿ.

ಕೊಡೆ ಮರೆತವ

ಜೊತೆಗೆ ಅಪ್‌ಗ್ರೇಡ್ ತಡೆಯುವ ಬ್ರೂ ಪಿನ್ ಹಾಕಿಬಿಡಲಿ, 3.11 ಎಂದೆಂದಿಗೂ 3.12 ಆಗುವುದಿಲ್ಲ.

ಹಾರಂಗಿ ದಂಡೆ

ಪಿನ್ ಹಾಕದಿದ್ದರೂ ಆಗುವುದಿಲ್ಲ. ಆವೃತ್ತಿ ಹೆಸರಿನಲ್ಲಿಯೇ ಇರುವ ಪೈಥಾನ್@3.11 ಎಂಬುದು 3.11ರ ಒಳಗಿನ ತಿದ್ದುಪಡಿಗಳನ್ನು ಮಾತ್ರ ಪಡೆಯುತ್ತದೆ. ಆ ತಿದ್ದುಪಡಿಗಳಲ್ಲಿ ಭದ್ರತೆಯವೂ ಇರುತ್ತವೆ, ಅವನ್ನು ಪಿನ್ ಹಾಕಿ ತಡೆಯುವುದು ಜಾಣತನವಲ್ಲ. ಇಲ್ಲಿ ನಡೆದದ್ದು ಅಪ್‌ಗ್ರೇಡ್ ಅಲ್ಲ, ಉಚ್ಚಾಟನೆ.

ದುಬಾರೆ ದಾರಿ (ಸಿದ್ದಾಪುರ)

ಇಷ್ಟೆಲ್ಲ ಯಾಕೆ? ಡಾಕರ್‌ನಲ್ಲಿ 3.11ರ ಸ್ಲಿಮ್ ಇಮೇಜ್ (ಪೈಥಾನ್ ಸಮೇತ ಕಟ್ಟಿಟ್ಟ ಪ್ರತ್ಯೇಕ ಪೆಟ್ಟಿಗೆಯಂಥದ್ದು) ತೆಗೆದುಕೊಂಡು ಒಳಗೆ ಪ್ರೋಗ್ರಾಂ ಇಟ್ಟುಬಿಡಿ. ಹೊರಗೆ ಬ್ರೂ ಏನು ಮಾಡಿಕೊಂಡರೂ ಒಳಗಿನವನಿಗೆ ಗೊತ್ತಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೇವೆ.

ಕಿತ್ತಳೆ ಸಿಪ್ಪೆ

ಆಫೀಸಿನ ಪ್ರಾಜೆಕ್ಟಿಗೆ ಒಪ್ಪುತ್ತೇನೆ, ಸರ್ವರಿನಲ್ಲಿ ಓಡುವುದೇ ಇಲ್ಲಿಯೂ ಓಡುತ್ತದೆ ಎಂಬ ಧೈರ್ಯ ದೊಡ್ಡದು. ಆದರೆ ಅಪ್ಪನ ಮಳೆ ಲೆಕ್ಕಕ್ಕೆ ಡಾಕರ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಮ್ಯಾಕ್‌ನಲ್ಲಿ ಅದು ಹಿಂದೆ ಒಂದು ಲಿನಕ್ಸ್ ವರ್ಚುವಲ್ ಯಂತ್ರವನ್ನೇ ಓಡಿಸುತ್ತದೆ, ಕರೆಂಟಿಲ್ಲದ ಸಂಜೆ ಬ್ಯಾಟರಿಯ ಬೆಲೆ ಗೊತ್ತಿರುವವರು ಯೋಚಿಸಬೇಕು.

ನಾನು ವೆಬ್ ಕೆಲಸದವಳು, ನನ್ನ ಗೋಳು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನದು. ಒಬ್ಬ ಗಿರಾಕಿಯ ಸೈಟ್ ನೋಡ್ 14ರಲ್ಲಿದೆ, ಇನ್ನೊಬ್ಬರದು 20ರಲ್ಲಿ. ಆಪಲ್ ಚಿಪ್ಪಿಗೆ ಸಿದ್ಧ ಬೈನರಿ ಬರತೊಡಗಿದ್ದೇ ನೋಡ್ 16ರಿಂದ, ಹಾಗಾಗಿ 14 ಬೇಕೆಂದರೆ ರೊಸೆಟ್ಟಾ ಮೂಲಕ ಇಂಟೆಲ್ ವೇಷ ಹಾಕಿಸಬೇಕು. 17ಕ್ಕೆ ಹಾರಿದರೆ ಓಪನ್‌ಎಸ್‌ಎಸ್‌ಎಲ್ 3 ಬಂದು, ಸೈಟಿನ ಕಡತಗಳನ್ನು ಜೋಡಿಸುವ ಹಳೆಯ ವೆಬ್‌ಪ್ಯಾಕ್ ಮುಗ್ಗರಿಸುತ್ತದೆ. ನೋಡ್ ಆವೃತ್ತಿಗಳನ್ನು ನಿಭಾಯಿಸಲು ನಾನು ಎನ್‌ವಿಎಂ ಬಳಸುತ್ತೇನೆ, ಪ್ರಾಜೆಕ್ಟಿಗೊಂದು ಆವೃತ್ತಿ ಕಡತ ಇಟ್ಟಿದ್ದೇನೆ, ಕೆಲಸ ಸಾಗುತ್ತಿದೆ.

ಆದರೂ ಎನ್‌ವಿಎಂ ಒಮ್ಮೆ ಮರ್ಯಾದೆ ತೆಗೆದಿದೆ. ಪ್ರತಿ ರಾತ್ರಿ ವರದಿ ಕಳಿಸುವ ಕೆಲಸವನ್ನು ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ಗೆ ವಹಿಸಿದ್ದೆ. ಟರ್ಮಿನಲಿನಲ್ಲಿ ನಾನು ಓಡಿಸಿದಾಗಲೆಲ್ಲ ಓಡುತ್ತಿತ್ತು, ರಾತ್ರಿ ಮಾತ್ರ ಓಡುತ್ತಿರಲಿಲ್ಲ. ನಾಲ್ಕು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಎನ್‌ವಿಎಂ ಎಂಬುದು ಸ್ವತಂತ್ರ ಪ್ರೋಗ್ರಾಂ ಅಲ್ಲ, ಶೆಲ್ ತೆರೆದಾಗ ತುಂಬಿಕೊಳ್ಳುವ ಫಂಕ್ಷನ್. ಕ್ರಾನ್ ನನ್ನ ಶೆಲ್ ಸಂರಚನೆಯನ್ನು ಓದುವುದೇ ಇಲ್ಲ, ಅದಕ್ಕೆ ನೋಡ್ ಎಂಬುದೇ ಗೊತ್ತಿಲ್ಲ. ಆವೃತ್ತಿಯ ಫೋಲ್ಡರಿನೊಳಗಿನ ನೋಡ್‌ಗೆ ಪೂರ್ತಿ ದಾರಿ ಬರೆದುಕೊಟ್ಟ ಮೇಲೆ ಸರಿಹೋಯಿತು.

ಏಲಕ್ಕಿ (ಪೊನ್ನಂಪೇಟೆ)

ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ, ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಇದೆ. ಪಿಪ್ ಇನ್‌ಸ್ಟಾಲ್ ಎಂದರೆ "ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ" ಎಂಬ ಅರ್ಥದ ದೋಷ ಬರುತ್ತದೆ. ಗೆಳತಿಯರೆಲ್ಲ "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಎಂಬ ಆಯ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ನನಗೆ ಆ ಹೆಸರು ನೋಡಿಯೇ ಭಯವಾಯಿತು.

ಈಗ ಯುವಿ ಎಂಬ ಉಪಕರಣ ಬಳಸುತ್ತಿದ್ದೇನೆ. "ಯುವಿ ಪೈಥಾನ್ ಇನ್‌ಸ್ಟಾಲ್ 3.11" ಎಂದರೆ ಕಂಪೈಲ್ ಇಲ್ಲದೆ ಸಿದ್ಧ ಪೈಥಾನ್ ಇಳಿಯುತ್ತದೆ. ಹಾಸ್ಟೆಲಿನ ನೆಟ್‌ನಲ್ಲಿಯೂ ಚಹಾ ಆರುವುದರೊಳಗೆ ಮುಗಿಯಿತು. ಇದರಲ್ಲಿ ಏನಾದರೂ ತಪ್ಪಿದೆಯೇ?

ಹಳೇ ಟರ್ಮಿನಲ್

ಏಲಕ್ಕಿ, ನಿನ್ನ ಭಯವೇ ಸರಿ ಮಗಳೇ, ಗೆಳತಿಯರಿಗೂ ಹೇಳು. ಪೆಪ್ 668 ಎಂಬ ಒಪ್ಪಂದದಿಂದ ಬಂದ ದೋಷ ಅದು, ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಜಾರಿಯಲ್ಲಿದೆ. ಆಪ್ಟ್ ಹಾಕಿದ ಕಡತಗಳ ಮೇಲೆ ಪಿಪ್ ಕೈಯಾಡಿಸಬಾರದು ಎಂಬುದು ಅದರ ಉದ್ದೇಶ. ನಾನು 22.04ರಲ್ಲಿ ಮಾಡಿಕೊಂಡಂಥ ಅನಾಹುತಗಳನ್ನು ತಡೆಯಲು ಹಾಕಿದ ತಡೆಗೋಡೆ ಎಂದುಕೊ.

ಯುವಿಯಲ್ಲಿ ತಪ್ಪಿಲ್ಲ, ವೇಗವೂ ಹೌದು. ನನ್ನ ಅನುಮಾನ ಬೇರೆ. 2024ರಲ್ಲಿ ಹೊರಬಂದ ಉಪಕರಣ, ಹಿಂದಿರುವುದು ಆಸ್ಟ್ರಲ್ ಎಂಬ ಒಂದೇ ಕಂಪನಿ. ಅದು ಇಳಿಸುವ ಸಿದ್ಧ ಪೈಥಾನ್‌ಗಳು ಪೈಥಾನ್ ಬಿಲ್ಡ್ ಸ್ಟಾಂಡಲೋನ್ ಎಂಬ ಯೋಜನೆಯವು, 2024ರ ಕೊನೆಯಲ್ಲಿ ಅದರ ಹೊಣೆಯೂ ಅದೇ ಕಂಪನಿಯ ಕೈಗೆ ಬಂತು. ಹಗ್ಗದ ತುದಿ ಒಬ್ಬರ ಕೈಯಲ್ಲಿರುವುದು ನನಗೆ ಇಷ್ಟವಿಲ್ಲ.

ಏಲಕ್ಕಿ

ಆದರೆ ಸರ್, ಸಂಕೇತ ಮುಕ್ತವಾಗಿದೆಯಲ್ಲ? ಕಂಪನಿ ಮುಚ್ಚಿದರೂ ಬೇರೆಯವರು ಮುಂದುವರಿಸಬಹುದು. ಈಗಾಗಲೇ ಇಳಿಸಿಕೊಂಡ 3.11 ನನ್ನ ಫೋಲ್ಡರಿನಲ್ಲಿಯೇ ಇರುತ್ತದೆ, ಬ್ರೂ ಥರ ಯಾರೂ ಗುಡಿಸಿ ಹೋಗುವುದಿಲ್ಲ.

ಬೆಟ್ಟದ ಮೋಡ

ಏಲಕ್ಕಿಯವರ ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಕಿತ್ತಳೆ ಅಕ್ಕ ಹೇಳಿದ ಓಪನ್‌ಎಸ್‌ಎಸ್‌ಎಲ್ ಪೆಟ್ಟು ನನಗೂ ಬಿದ್ದಿತ್ತು, ಮೊದಲ ಉತ್ತರದಲ್ಲಿ ಬೇಕೆಂದೇ ಹೇಳಲಿಲ್ಲ. ಆದರೂ ಅಕ್ಕ, ನಿಮ್ಮ ಹಾಗೆ ನೋಡ್ ಮತ್ತು ಪೈಥಾನ್ ಎರಡನ್ನೂ ನಿಭಾಯಿಸುವವರಿಗೆ ಎರಡೆರಡು ಉಪಕರಣ ಯಾಕೆ? ಮೀಸ್ ಅಥವಾ ಎಎಸ್‌ಡಿಎಫ್ ಒಂದೇ ಕಡತದಲ್ಲಿ ಎರಡರ ಆವೃತ್ತಿಯನ್ನೂ ನೋಡಿಕೊಳ್ಳುತ್ತದೆ.

ಕಿತ್ತಳೆ ಸಿಪ್ಪೆ

ಒಂದು ಮಳೆಗಾಲ ಕಳೆಯಲಿ, ಪ್ರಯತ್ನಿಸುತ್ತೇನೆ. ಗಿರಾಕಿಗಳ ಕೆಲಸ ಕೈಯಲ್ಲಿರುವಾಗ ನಾನು ಉಪಕರಣ ಬದಲಿಸುವುದಿಲ್ಲ.

ಕಾಫಿ ಕಣ · ಮಂಗಳವಾರ, ಸಂಜೆ 6:35

ಮಧ್ಯಾಹ್ನದವರೆಗೆ ಕರೆಂಟಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಹಾರಂಗಿಯವರು ಹೇಳಿದಂತೆ ಪೈಥಾನ್@3.11 ಎಂದು ಹೆಸರು ಹೇಳಿ ಹಾಕಿಸಿದೆ. ಬೇರೇನನ್ನೂ ಮುಟ್ಟಲಿಲ್ಲ. ಹೋಮ್‌ಬ್ರೂವಿನ ಆಪ್ಟ್ (opt) ಒಳಗೆ ಆ ಫೋಲ್ಡರ್ ಮತ್ತೆ ಬಂತು, ಇಲ್ಲದ ಮನೆಗೆ ಕೈತೋರಿಸುತ್ತಿದ್ದ ಬಾಣಕ್ಕೆ ಮನೆ ಸಿಕ್ಕಿತು. ಎರಡೂ ಎನ್ವಿರಾನ್‌ಮೆಂಟ್‌ಗಳು ಏನೂ ಆಗದವರಂತೆ ಎದ್ದು ಕುಳಿತವು, ನಂಪೈ ಸಮೇತ. ನಾನು ನಿನ್ನೆ ರಾತ್ರಿ ಅವಸರಕ್ಕೆ ಆ ಫೋಲ್ಡರುಗಳನ್ನು ಅಳಿಸಿದ್ದರೆ ಆಫೀಸಿನ ಪ್ಯಾಕೇಜುಗಳ ಪಟ್ಟಿಯನ್ನು ನೆನಪಿನಿಂದ ಬರೆಯಬೇಕಾಗುತ್ತಿತ್ತು. ಮೊದಲು ಮಾಡಿದ ಕೆಲಸ ಪಿಪ್ ಫ್ರೀಜ್ ಕೊಟ್ಟು ಎರಡರ ಪಟ್ಟಿಯನ್ನೂ ಕಡತಕ್ಕೆ ಇಳಿಸಿದ್ದು. ಬ್ರೂ ಲೀವ್ಸ್‌ನಲ್ಲಿ ಈಗ 3.11 ಕಾಣಿಸುತ್ತಿದೆ.

ಇನ್ನು ಮುಂದೆ ಹೀಗೆ ಮಾಡುತ್ತೇನೆ: ಹೋಮ್‌ಬ್ರೂವಿನ ಪೈಥಾನ್ ಹೋಮ್‌ಬ್ರೂವಿನ ಉಪಕರಣಗಳಿಗೇ ಇರಲಿ, ನನ್ನ ಪ್ರಾಜೆಕ್ಟುಗಳಿಗೆ ಏಲಕ್ಕಿ ಹೇಳಿದಂತೆ ಯುವಿಯಿಂದ ಬೇರೆ 3.11. ನಮ್ಮ ಕಣದಲ್ಲಿಯೂ ಅರೇಬಿಕಾ ಒಣಗುವ ಕಡೆ ರೋಬಸ್ಟಾ ಹರಡುವುದಿಲ್ಲ, ಇದನ್ನು ಮಾತ್ರ ಯಾಕೆ ಬೆರೆಸಿದೆನೋ. ಆಫೀಸಿನದನ್ನು ಡಾಕರ್‌ಗೆ ಒಯ್ಯುವ ಬಗ್ಗೆ ತಂಡದವರನ್ನು ಕೇಳಬೇಕು.

ಹಳೇ ಟರ್ಮಿನಲ್

3.11ಕ್ಕೆ ಭದ್ರತಾ ತಿದ್ದುಪಡಿಗಳು ಬರುವುದು 2027ರ ಅಕ್ಟೋಬರಿನವರೆಗೆ ಮಾತ್ರ, ನೆನಪಿರಲಿ. ಅಷ್ಟರೊಳಗೆ ನಂಪೈ ಏರಿಸಿಕೊಳ್ಳಿ.

ಕೊಡೆ ಮರೆತವ

ಅದೆಲ್ಲ ಸರಿ, ನಾಪೋಕ್ಲಿನಲ್ಲಿ ಈ ತಿಂಗಳು ಮಳೆ ಎಷ್ಟಾಯಿತು?

ಕಾಫಿ ಕಣ

ಪ್ರೋಗ್ರಾಂ ಮೊತ್ತ ತೋರಿಸಿತು, ಅಪ್ಪ ಒಪ್ಪಲಿಲ್ಲ. ನೋಟುಪುಸ್ತಕಕ್ಕೂ ಅದಕ್ಕೂ 90 ಸೆಂಟಿನ ವ್ಯತ್ಯಾಸವಿದೆಯಂತೆ. ನೋಡಿದರೆ 1 ಇಂಚು 5 ಸೆಂಟು ಎಂದಿದ್ದ ಎರಡು ದಿನಗಳನ್ನು ನಾನೇ 1.5 ಎಂದು ಬರೆದಿದ್ದೇನೆ. ಅದು ಯಾವ ಆವೃತ್ತಿಯಲ್ಲಿಯೂ ಸರಿಹೋಗುವಂಥದ್ದಲ್ಲ, ಕೂತು ತಿದ್ದುತ್ತಿದ್ದೇನೆ.